ಹಿಮಾಲಯದ ಖರ್ಚು: ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ನಮ್ಮ ಐನಾಪುರದ ಕಡೆ ರೊಕ್ಕ ಪಗಾರದ ಹಾಗೆ ತಿಂಗಳಿಗೊಮ್ಮೆ ಬರುವುದಿಲ್ಲ. ಕಬ್ಬು ಕಾರ್ಖಾನೆಗೆ ಹೋಗಬೇಕು, ಆಮೇಲೆ ಬಿಲ್ಲಿನ ದಾರಿ ಕಾಯಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇನೋ ಹೇಳುತ್ತದೆ. ಆದರೆ 2025ರ ನವೆಂಬರಿನಲ್ಲಿ ಟನ್ನಿಗೆ 3,300 ರೂಪಾಯಿ ಎಂಬ ಮಾತು ಸರಕಾರದ ಬಾಯಿಂದ ಬರಬೇಕಾದರೆ ರೈತರು ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಇಂಥ ಆದಾಯ ಇರುವವರು ಹಿಮಾಲಯದ ಚಾರಣಕ್ಕೆ ಹೋಗಬಾರದೆಂದಲ್ಲ, ಖಂಡಿತ ಹೋಗಬೇಕು. ಆದರೆ ಆ ಖರ್ಚನ್ನು ಕಬ್ಬಿನ ಬಿಲ್ಲಿನಿಂದ ಎತ್ತಬಾರದು. ಗೊಬ್ಬರ, ಸೊಸೈಟಿ ಸಾಲ, ಮಕ್ಕಳ ಫೀ ಮುಗಿಯುವಷ್ಟರಲ್ಲಿ ಆ ಬಿಲ್ಲೇ ಮುಗಿದಿರುತ್ತದೆ.

ನಾನು ಪಿಗ್ಮಿ ಕಟ್ಟಿದೆ. ಪತ್ತಿನ ಸಂಘದ ಏಜೆಂಟರು ಸಂಜೆ ಅಂಗಡಿಗೆ ಬಂದರೆ ಗಲ್ಲಾದಿಂದ ನೂರು ರೂಪಾಯಿ. ದಿನಾ ತಪ್ಪದೆ ಕಟ್ಟಿದರೆ ವರ್ಷಕ್ಕೆ 36,500. ಬಡ್ಡಿ ದೊಡ್ಡದಲ್ಲ, ನಡುವೆ ಮುರಿಸಿದರೆ ಅದೂ ಕಡಿತವಾಗುತ್ತದೆ. ಮುರಿಸದೆ ಇರಲು ಅದೇ ಒಳ್ಳೆಯ ಕಾರಣ. ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ನಮ್ಮ ಪಾಳಿ ಯಾವಾಗ ಬರುತ್ತದೋ ಹೇಳಲಾಗದು, ಚಾರಣದ ತಾರೀಖು ಅದಕ್ಕೆ ಕಾಯುವುದಿಲ್ಲ.

ಆರಿಸಿಕೊಂಡದ್ದು ಉತ್ತರಕಾಶಿ ಜಿಲ್ಲೆಯ ಹರ್ ಕಿ ದೂನ್. 3,566 ಮೀಟರ್ ಎತ್ತರದ ಕಣಿವೆ, ಎದುರಿಗೆ ಸ್ವರ್ಗಾರೋಹಿಣಿ. ಪಾಂಡವರು ಸ್ವರ್ಗಕ್ಕೆ ಹೊರಟ ದಾರಿ ಇದೇ ಎಂದು ಅಲ್ಲಿಯವರ ನಂಬಿಕೆ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಹೊರಟು ಮತ್ತೆ ಸಾಂಕ್ರಿಗೆ ಬರುವವರೆಗೆ ಮಾರ್ಗದರ್ಶಿ, ಟೆಂಟು, ಊಟ, ಅರಣ್ಯದ ಪರವಾನಗಿ ಸೇರಿ ಹದಿಮೂರು ಸಾವಿರದ ಆಸುಪಾಸು, ಮೇಲೆ ಶೇ 5 ಜಿಎಸ್‌ಟಿ. ಮಿರಜಿನಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ದಿಲ್ಲಿಯ ನಿಜಾಮುದ್ದೀನ್, ಅಲ್ಲಿಂದ ಡೆಹ್ರಾಡೂನ್, ಮುಂದೆ ರಸ್ತೆಯಲ್ಲಿ ಸಾಂಕ್ರಿ. ರೈಲಿನ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಅವತ್ತೇ ಸ್ಲೀಪರ್ ತೆಗೆದರೆ ವಿಮಾನಕ್ಕೆ ಹೋಲಿಸಿ ಸಾವಿರಾರು ರೂಪಾಯಿ ಉಳಿಯುತ್ತದೆ. ದಪ್ಪ ಜಾಕೀಟು, ಊರುಗೋಲು ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ಸ್ವಂತದ್ದು ಇರಲಿ, ಕೃಷ್ಣೆಯ ದಂಡೆಯಲ್ಲಿ ಮೊದಲೇ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ.

ಇಷ್ಟೆಲ್ಲ ಕಡೆ ಕೈ ಬಿಗಿ ಹಿಡಿಯುವುದು ಒಂದು ಕಡೆ ಬಿಚ್ಚುವುದಕ್ಕಾಗಿ. ನಮ್ಮ ಓಣಿಯ ಕಾಕಾ ಕೇಳಿದರು: "ಊಟಕ್ಕ, ಟೆಂಟಿಗೆ ರೊಕ್ಕ ಖರೆ. ಹಾದಿ ತೋರ್ಸಾಂವಗ ಅಷ್ಟ್ಯಾಕೋ ತಮ್ಮಾ?" ನಾನು 2024ರ ಜೂನ್ ನೆನಪಿಸಿದೆ. ಅದೇ ಜಿಲ್ಲೆಯ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿ 22 ಜನರಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ಯಾರ ತಪ್ಪೆಂದು ಎಣಿಸುವ ಹಕ್ಕು ನನಗಿಲ್ಲ. ಆದರೆ ಆ ಎತ್ತರದಲ್ಲಿ ಹವೆ ಕೆಟ್ಟರೆ ನಿಂತು ಕಾಯಲು ಒಂದು ದಿನ, ಹಿಂದಿರುಗಲು ಒಬ್ಬ ಬಲ್ಲವ ಕೈಯಲ್ಲಿರಬೇಕು. ಎರಡಕ್ಕೂ ದುಡ್ಡು ಬೇಕು. ಎರಡು ಸಾವಿರ ಅಗ್ಗದ ಪ್ಯಾಕೇಜು ಹೆಚ್ಚಾಗಿ ಈ ಎರಡನ್ನೇ ಕಡಿಮೆ ಮಾಡಿರುತ್ತದೆ.

ಆರುನೂರು ಮೀಟರಿನೊಳಗಿನ ನದೀತೀರದಲ್ಲಿ ಬೆಳೆದ ಮೈ ನಮ್ಮದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ನಮ್ಮ ಮಾರ್ಗದರ್ಶಿ ಪ್ರತಿ ಸಂಜೆ ಒಬ್ಬೊಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ಅಂಕಿಯನ್ನು ವಹಿಯಲ್ಲಿ ಬರೆಯುತ್ತಿದ್ದರು. ತಲೆಶೂಲೆ ಎಂದ ಒಬ್ಬರಿಗೆ ಮತ್ತೆ ಮತ್ತೆ ಹಾಕಿ ನೋಡಿದರು, ಮರುದಿನ ನಸುಕಿನಲ್ಲೇ ಸಹಾಯಕನನ್ನು ಜೊತೆ ಮಾಡಿ ಕೆಳಗೆ ಕಳಿಸಿದರು. ಉಳಿದವರ ನಡಿಗೆ ನಿಲ್ಲಲಿಲ್ಲ. ಹಣ ಕೊಡುವ ಮೊದಲೇ ಕೇಳಿ: ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ? ಹೆಚ್ಚುವರಿ ದಿನ ಇದೆಯೇ?

ಆರೋಗ್ಯ ವಿಮೆಯನ್ನೂ ತೆರೆದು ಓದಿ. ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ತೊಡಗಿದವರ ಚಿಕಿತ್ಸೆಯನ್ನು ವಿಮಾ ನಿಯಂತ್ರಕರ ಏಕರೂಪದ ನಿಯಮ ಹೊರಗಿಡುತ್ತದೆ, ಹವ್ಯಾಸಕ್ಕೆ ಹೋದವರ ಮಾತು ಬೇರೆ. ಆದರೂ ಆಸ್ಪತ್ರೆಯ ಬಿಲ್ಲು ಬೇರೆ, ಬೆಟ್ಟದಿಂದ ಕೆಳಗೆ ತರುವ ಖರ್ಚು ಬೇರೆ. ಎರಡನೆಯದು ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ಕಂಪನಿಗೆ ಇಮೇಲ್ ಮಾಡಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಓಸ್ಲಾ ಎಂಬ ಹಳ್ಳಿ ಆ ದಾರಿಯ ನಿಜವಾದ ಸಂಪತ್ತು. ಕಲ್ಲು, ದೇವದಾರು ಹಲಗೆ ಸೇರಿಸಿ ಕಟ್ಟಿದ ಮನೆಗಳು. ಕೆಳಗೆ ದನ, ಮೇಲೆ ಜನ. ನಡುವೆ ಕೆತ್ತನೆಯ ಮರದ ಗುಡಿ. ಒಳಗಿನ ದೇವರು ಸೋಮೇಶ್ವರ ಎನ್ನುತ್ತಾರೆ ಊರವರು, ದುರ್ಯೋಧನನ ಗುಡಿ ಎಂದು ಹೊರಗಿನವರ ಮಾತು. ಒಬ್ಬ ತಾಯಿ ಕಟ್ಟಿಗೆಯ ಒಲೆಯ ಮುಂದೆ ಮಂಡುವಾ ಹಿಟ್ಟಿನ ರೊಟ್ಟಿ ಬೇಯಿಸಿ, ತುಪ್ಪ ಸವರಿ, ರಾಜ್ಮಾ ಜೊತೆ ಕೊಟ್ಟರು. ಮಂಡುವಾ ಎಂದರೆ ನಮ್ಮ ರಾಗಿಯೇ. ಆ ಊಟದ ದುಡ್ಡು ಕಂಪನಿಯ ಖಾತೆಗಲ್ಲ, ಅವರ ಕೈಗೇ ಹೋಯಿತು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸಾರ್ಥಕ ಎನಿಸಿದ ಖರ್ಚು ಅದು.

ಹಾಗಾಗಿ ಮನೆ ಊಟ, ಒಂದು ರಾತ್ರಿಯ ವಸತಿ, ಮರಳುವಾಗ ಟೋನ್ಸ್ ನದಿಯ ದಂಡೆಯ ಹನೋಲ್ ಮಹಾಸು ದೇವಸ್ಥಾನಕ್ಕೆ ಜೀಪು, ಇವಕ್ಕೆ ಪ್ಯಾಕೇಜಿನ ಹೊರಗೆ ನಾಲ್ಕೈದು ಸಾವಿರ ತೆಗೆದಿಡಿ. ನಗದನ್ನು ಸಾಂಕ್ರಿಗೆ ಹೋಗುವ ದಾರಿಯ ಪುರೋಲಾದಲ್ಲೇ ಎಟಿಎಂನಿಂದ ತೆಗೆದುಕೊಳ್ಳಿ, ಮುಂದೆ ಮೊಬೈಲ್ ಸಿಗ್ನಲನ್ನು ನಂಬಿ ಹೋಗಬೇಡಿ. ನೂರರ ನೋಟುಗಳೇ ಹೆಚ್ಚಿರಲಿ, ಹಳ್ಳಿಯಲ್ಲಿ ಐನೂರಕ್ಕೆ ಚಿಲ್ಲರೆ ಹುಡುಕುವ ಕಷ್ಟ ಆ ತಾಯಂದಿರಿಗೆ ಬೇಡ.