ವಿದ್ಯುತ್ ಉಪಕೇಂದ್ರ: ಹೊಸ ಸಾಧನ, ಹಳೆಯ ಎಚ್ಚರ

ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದಲ್ಲಿ ಒಂದರ ಪಕ್ಕದಲ್ಲೊಂದಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ನೆಲ. ಕದಂಬರ ಶಾಸನವಿರುವ ತಾಳಗುಂದ, ಶಿಲ್ಪವೈಭವದ ಬಳ್ಳಿಗಾವಿ, ಗಂಧದ ಕೊರಡಿನಲ್ಲಿ ಕುಸುರಿ ಬಿಡಿಸುವ ಸೊರಬದ ಗುಡಿಗಾರರ ಕಲೆ, ಇವುಗಳಿಂದ ಈ ಸೀಮೆಯ ಹೆಸರು ನಾಡಿಗೆಲ್ಲ ಪರಿಚಿತ. ಇಲ್ಲಿನ ಜನರ ಮುಖ್ಯ ಕಸುಬು ಬೇಸಾಯ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿಗಳು ಇಲ್ಲಿನ ಪ್ರಮುಖ ಬೆಳೆಗಳು. ಹಿಂದೆ ಕೆರೆ ತುಂಬುವುದೂ ಬಿಡುವುದೂ ಮುಗಿಲಿಗೆ ಸೇರಿದ ಮಾತಾಗಿತ್ತು. ಇಂದು ತೋಟಕ್ಕೆ ನೀರುಣಿಸುವುದು ಕೊಳವೆಬಾವಿಯ ಪಂಪು. ಉಡುಗಣಿ, ತಾಳಗುಂದ, ಹೊಸೂರು ಭಾಗದ ಕೆರೆಗಳಿಗೆ ನೀರೆತ್ತಿ ತುಂಬಿಸುವುದು ಏತ ನೀರಾವರಿಯ ಭಾರಿ ಪಂಪುಗಳು. ಆದುದರಿಂದ ಮುಗಿಲನ್ನು ನೋಡುತ್ತಿದ್ದ ರೈತನು ಈಗ ವಿದ್ಯುತ್ ಕಂಬವನ್ನೂ ನೋಡಬೇಕಾಗಿದೆ. ಆ ಕಂಬದ ತಂತಿಯಲ್ಲಿ ಶಕ್ತಿ ಹರಿಯಬೇಕೋ ನಿಲ್ಲಬೇಕೋ ಎಂಬುದು ತೀರ್ಮಾನವಾಗುವ ಸ್ಥಳವೇ ವಿದ್ಯುತ್ ಉಪಕೇಂದ್ರ.

ಸೊರಬದ ನೆರೆಯ ತಾಲ್ಲೂಕು ಸಾಗರ. ಜೋಗದ ಜಲಪಾತವಿರುವುದು ಅಲ್ಲಿಯೇ. 1948ರಲ್ಲಿ ಅಲ್ಲಿನ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. ಅದು ಇಂದು ಮಹಾತ್ಮ ಗಾಂಧಿಯವರ ಹೆಸರನ್ನು ಹೊತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಇಷ್ಟು ಸಮೀಪದಲ್ಲಿ ಶಕ್ತಿಯು ಹುಟ್ಟುತ್ತಿರುವಾಗ ನಮ್ಮೂರಿನ ದೀಪವೇಕೆ ಆರಬೇಕು ಎಂಬ ಪ್ರಶ್ನೆ ಸಹಜವಾದುದು. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯೂ ಆಗ ನೆನಪಾಗದಿರದು. ಆದರೆ ವಿದ್ಯುತ್ತು ಹಳ್ಳದ ನೀರಿನಂತೆ ಹುಟ್ಟಿದೆಡೆಯಿಂದ ಹತ್ತಿರದ ಮನೆಗೆ ನೇರವಾಗಿ ಹರಿದು ಬರುವ ವಸ್ತುವಲ್ಲ.

ಒಂದೇ ಪ್ರಮಾಣದ ಶಕ್ತಿಯನ್ನು ಹೆಚ್ಚಿನ ಒತ್ತಡದಲ್ಲಿ ಸಾಗಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ ಕಡಿಮೆಯಾಗುತ್ತದೆ. ಒತ್ತಡವನ್ನು ಹತ್ತುಪಟ್ಟು ಏರಿಸಿದರೆ ಪ್ರವಾಹವು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಂತಿಯು ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದಾಗ ಆಧಾರವಾದುದು ಈ ತತ್ತ್ವವೇ. ಏರಿಸಿದ ಒತ್ತಡವನ್ನು ಊರಿನ ಬಳಿ ಮತ್ತೆ ಇಳಿಸಬೇಕು. ಲಕ್ಷಾಂತರ ವೋಲ್ಟುಗಳಲ್ಲಿ ಬಂದ ಶಕ್ತಿಯು ಉಪಕೇಂದ್ರಗಳಲ್ಲಿ ಹಂತಹಂತವಾಗಿ ಇಳಿದು, 11,000 ವೋಲ್ಟಿನ ಫೀಡರುಗಳಲ್ಲಿ ಹಳ್ಳಿಗಳತ್ತ ಸಾಗಿ, ಕೊನೆಗೆ ಬೀದಿಯ ಪರಿವರ್ತಕದಲ್ಲಿ 230 ವೋಲ್ಟಾಗಿ ಮನೆಯನ್ನು ಸೇರುತ್ತದೆ. ರಾಜ್ಯದಲ್ಲಿ ಈ ಹೊಣೆಯನ್ನು ಮೊದಲು 1957ರಲ್ಲಿ ಸ್ಥಾಪಿತವಾದ ವಿದ್ಯುಚ್ಛಕ್ತಿ ಮಂಡಳಿಯು ಹೊತ್ತಿತ್ತು. 1999ರಲ್ಲಿ ಪ್ರಸರಣ ನಿಗಮವು ರೂಪುಗೊಂಡಿತು; 2002ರಲ್ಲಿ ವಿತರಣೆಯ ಕೆಲಸವು ಬೇರೆಯಾಗಿ, ಶಿವಮೊಗ್ಗ ಜಿಲ್ಲೆಯು ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಸೇರಿತು.

ಉಪಕೇಂದ್ರದ ಕಾರ್ಯಗಳು ಮುಖ್ಯವಾಗಿ ಮೂರು: ಒತ್ತಡವನ್ನು ಇಳಿಸುವುದು, ಶಕ್ತಿಯನ್ನು ಹಂಚುವುದು, ಅಪಾಯ ಬಂದಾಗ ಮಾರ್ಗವನ್ನು ಕಡಿದುಹಾಕುವುದು. ಇಳಿಸುವ ಕೆಲಸ ಪರಿವರ್ತಕದ್ದು. ಕಡಿಯುವ ಕೆಲಸ ಸರ್ಕ್ಯೂಟ್ ಬ್ರೇಕರಿನದು. ಯಾವಾಗ ಕಡಿಯಬೇಕೆಂದು ಅದಕ್ಕೆ ಆಜ್ಞಾಪಿಸುವುದು ರಿಲೇ. ರಿಲೇಯನ್ನು ಕಾವಲುಗಾರನೆಂದೂ ಬ್ರೇಕರನ್ನು ಅವನ ಕೈಯಲ್ಲಿನ ಕತ್ತಿಯೆಂದೂ ಭಾವಿಸಬಹುದು. ಹಳೆಯ ಉಪಕೇಂದ್ರಗಳ ರಿಲೇಯಲ್ಲಿ ಒಂದು ಲೋಹದ ತಟ್ಟೆಯಿರುತ್ತಿತ್ತು. ಪ್ರವಾಹವು ಮಿತಿಮೀರಿದಾಗ ತಟ್ಟೆಯು ತಿರುಗಿ, ಮುಳ್ಳುಗಳು ಕೂಡಿ, ಬ್ರೇಕರು ತೆರೆದುಕೊಳ್ಳುತ್ತಿತ್ತು. ಒಂದು ಸಣ್ಣ ಬಣ್ಣದ ಗುರುತು ಕೆಳಗೆ ಬೀಳುತ್ತಿತ್ತು. ಈ ಯಂತ್ರಗಳು ದಶಕಗಳ ಕಾಲ ನಂಬಿಕೆಯಿಂದ ದುಡಿದವು. ಆದರೆ ಬಿದ್ದ ಗುರುತು ‘ದೋಷವಾಗಿದೆ’ ಎಂದಷ್ಟೇ ಹೇಳುತ್ತಿತ್ತು. ‘ಎಲ್ಲಿ’ ಎಂಬುದನ್ನು ಹೇಳುತ್ತಿರಲಿಲ್ಲ.

ಆ ‘ಎಲ್ಲಿ’ ಎಂಬ ಪದದ ಬೆಲೆಯನ್ನು ಮಲೆನಾಡಿನವರೇ ಬಲ್ಲರು. ಮುಂಗಾರಿನ ಗಾಳಿಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಇಡೀ ಫೀಡರು ನಿಲ್ಲುತ್ತದೆ. ಫೀಡರು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಗದ್ದೆಯ ಬದು, ತೋಟದ ಅಂಚು, ಕಾಡಿನ ಸೆರಗನ್ನು ಹಾಯ್ದು ಹೋಗಿರುತ್ತದೆ. ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುವ ನೌಕರನಿಗೆ ದೋಷವನ್ನು ಸರಿಪಡಿಸುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಊರಿನ ನೀರಿನ ತೊಟ್ಟಿ ಬರಿದಾಗುತ್ತದೆ. ಆಸ್ಪತ್ರೆಯು ಜನರೇಟರನ್ನು ನೆಚ್ಚಬೇಕಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಬೇಸಿಗೆಯ ಕಷ್ಟ ಬೇರೆ ಬಗೆಯದು. ಪಂಪುಗಳೆಲ್ಲ ಏಕಕಾಲಕ್ಕೆ ನಡೆದಾಗ ಫೀಡರಿನ ಕೊನೆಯಲ್ಲಿ ಒತ್ತಡವು ಕುಸಿದು, ಮೋಟಾರುಗಳು ಹೆಚ್ಚು ಪ್ರವಾಹವನ್ನು ಸೆಳೆದು ಸುಟ್ಟುಹೋಗುತ್ತವೆ. ಇದನ್ನು ತಗ್ಗಿಸಲು ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಫೀಡರನ್ನೂ ಪಂಪುಸೆಟ್ಟುಗಳ ಫೀಡರನ್ನೂ ಬೇರ್ಪಡಿಸುವ ಕಾರ್ಯವು ನಡೆಯಿತು.

ಇಂಥ ತೊಂದರೆಗಳಿಗೆ ಪರಿಹಾರವಾಗಿ ಹೊಸ ಉಪಕರಣಗಳು ಬಂದಿವೆ. ತಟ್ಟೆಯ ರಿಲೇಯ ಸ್ಥಾನದಲ್ಲಿ ಇಂದು ಗಣಕದ ಬುದ್ಧಿಯುಳ್ಳ ಸಂಖ್ಯಾತ್ಮಕ ರಿಲೇ ನಿಂತಿದೆ. ಅದು ಪ್ರವಾಹವನ್ನೂ ಒತ್ತಡವನ್ನೂ ಪ್ರತಿ ಸೆಕೆಂಡಿಗೆ ಸಾವಿರಾರು ಬಾರಿ ಎಂಬಷ್ಟು ಅಳೆಯುತ್ತದೆ; ದೋಷವು ಸಂಭವಿಸಿದ ಕ್ಷಣವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ದಾಖಲಿಸುತ್ತದೆ; ಸೂಕ್ತ ಏರ್ಪಾಡಿದ್ದರೆ ಉಪಕೇಂದ್ರದಿಂದ ಎಷ್ಟು ಕಿಲೋಮೀಟರ್ ದೂರದಲ್ಲಿ ದೋಷವಿದೆಯೆಂದು ಅಂದಾಜು ಮಾಡಿ ತಿಳಿಸುತ್ತದೆ. ಎಣ್ಣೆಯ ಬ್ರೇಕರುಗಳಿಗೆ ಬದಲಾಗಿ ನಿರ್ವಾತದ ಬ್ರೇಕರುಗಳೂ, ಗಂಧಕದ ಹೆಕ್ಸಾಫ್ಲೋರೈಡ್ ಎಂಬ ಅನಿಲದ ಬ್ರೇಕರುಗಳೂ ಬಳಕೆಗೆ ಬಂದಿವೆ. ರಿಲೇಯೂ ಬ್ರೇಕರೂ ಕೂಡಿ, ತೀವ್ರವಾದ ದೋಷವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯದಲ್ಲಿ ಬೇರ್ಪಡಿಸಬಲ್ಲವು. ಆದರೆ ಆ ಅನಿಲವು ವಾತಾವರಣಕ್ಕೆ ಸೋರಿದರೆ, ಭೂಮಿಯನ್ನು ಬಿಸಿಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲು. ಹೊಸತೆಲ್ಲ ದೋಷರಹಿತವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಬದಲಾವಣೆ ಸಂಪರ್ಕದ್ದು. ಹಿಂದೆ ಉಪಕೇಂದ್ರದ ನೌಕರನು ಗಂಟೆಗೊಮ್ಮೆ ಮಾಪಕಗಳನ್ನು ಓದಿ ದಪ್ಪ ಪುಸ್ತಕದಲ್ಲಿ ಬರೆದಿಟ್ಟು, ಮೇಲಿನ ಕೇಂದ್ರಕ್ಕೆ ದೂರವಾಣಿಯಲ್ಲಿ ತಿಳಿಸುತ್ತಿದ್ದನು. ಈಗ ಅಂಕಿಅಂಶಗಳು ತಾವಾಗಿಯೇ ದೂರದ ನಿಯಂತ್ರಣ ಕೇಂದ್ರವನ್ನು ಕ್ಷಣಾರ್ಧದಲ್ಲಿ ತಲುಪಬಲ್ಲವು. ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದ ಉಪಕರಣಗಳು ಪರಸ್ಪರ ಮಾತನಾಡಲು 61850 ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಿದೆ. ನೂರಾರು ತಾಮ್ರದ ತಂತಿಗಳು ಮಾಡುತ್ತಿದ್ದ ಕೆಲಸವನ್ನು ಕೂದಲೆಳೆಯಂತಹ ಗಾಜಿನ ತಂತುಗಳು ಮಾಡಬಲ್ಲವು. ಸೌರ ಫಲಕಗಳು ಮನೆಯ ಮಾಳಿಗೆಗಳನ್ನೂ ಹೊಲಗಳನ್ನೂ ಏರುತ್ತಿರುವ ಈ ಕಾಲದಲ್ಲಿ ವಿದ್ಯುತ್ತು ಊರಿನಿಂದ ಉಪಕೇಂದ್ರದ ಕಡೆಗೂ ಹರಿಯಬಹುದು. ಒಂದೇ ದಿಕ್ಕಿನ ಹರಿವನ್ನು ನಂಬಿ ಅಳವಡಿಸಿದ ಹಳೆಯ ಏರ್ಪಾಡು ಇದಕ್ಕೆ ಸಾಲದು.

ಸಂಪರ್ಕವು ಬೆಳೆದಷ್ಟೂ ಹೊಣೆಯೂ ಬೆಳೆಯುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಗ್ರಿಡ್ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾಗಗಳೂ ಸೇರಿ ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ತೊಂದರೆಗೊಳಗಾಯಿತು. ಆಗ ದಕ್ಷಿಣದ ಗ್ರಿಡ್ ಬೇರೆಯಾಗಿಯೇ ನಡೆಯುತ್ತಿದ್ದುದರಿಂದ ನಮ್ಮ ರಾಜ್ಯಕ್ಕೆ ಆ ಬಾಧೆ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ದೇಶದ ಗ್ರಿಡ್‌ನೊಡನೆ ಒಂದಾಯಿತು. ಇಂದು ಕಷ್ಟಕಾಲದಲ್ಲಿ ದೂರದ ರಾಜ್ಯದ ವಿದ್ಯುತ್ತು ನಮಗೆ ಒದಗುತ್ತದೆ. ಹಾಗೆಯೇ ದೂರದ ರಾಜ್ಯದ ದೋಷವೂ ನಮ್ಮನ್ನು ತಲುಪಬಹುದು. ದೋಷವನ್ನು ಅದು ಹುಟ್ಟಿದ ಸ್ಥಳದಲ್ಲಿಯೇ ತಡೆದು ನಿಲ್ಲಿಸುವ ರಿಲೇ ಚಿಕ್ಕ ಊರಿನಲ್ಲಿದ್ದರೂ ಅದರ ಕೆಲಸವು ಚಿಕ್ಕದಲ್ಲ.

ಇಷ್ಟೆಲ್ಲ ಬಲ್ಲ ಯಂತ್ರವಿದ್ದ ಮೇಲೆ ಮನುಷ್ಯನ ಎಚ್ಚರವೇಕೆ ಎಂದು ಕೇಳಬಹುದು. ತುಂಡಾದ ತಂತಿಯು ಒಣನೆಲದ ಮೇಲೆ ಬಿದ್ದಾಗ ಕೆಲವೊಮ್ಮೆ ನೆಲಕ್ಕೆ ಹರಿಯುವ ಪ್ರವಾಹವು ಬಹಳ ಅಲ್ಪವಾಗಿದ್ದು, ರಿಲೇಗೆ ಅದು ದೋಷವೆಂದೇ ತೋರುವುದಿಲ್ಲ. ತಂತಿಯು ಜೀವಂತವಾಗಿಯೇ ಬಿದ್ದಿರುತ್ತದೆ. ಆದುದರಿಂದ ಬಿದ್ದ ತಂತಿಯನ್ನು ಯಾರೂ ಮುಟ್ಟಬಾರದು, ಸಮೀಪಿಸಲೂಬಾರದು. ಕೂಡಲೇ 1912 ಸಂಖ್ಯೆಗೆ ಕರೆಮಾಡಿ ತಿಳಿಸಬೇಕು. ಕಂಬವನ್ನೇರುವ ನೌಕರನ ಪ್ರಾಣವು ‘ಲೈನ್ ಕ್ಲಿಯರ್’ ಎಂಬ ಕ್ರಮದಲ್ಲಿದೆ. ಮಾರ್ಗವನ್ನು ಕಡಿದು, ಬೀಗ ಹಾಕಿ, ಬರಹದಲ್ಲಿ ಅನುಮತಿ ಪಡೆದು, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ, ಅದನ್ನು ನೆಲಕ್ಕೆ ಜೋಡಿಸಿದ ಬಳಿಕವಷ್ಟೇ ಕೈಹಾಕಬೇಕು. ಬ್ರೇಕರನ್ನು ದೂರದಿಂದ ಮುಚ್ಚಬಹುದಾದ ಕಾಲದಲ್ಲಿ ಈ ಕ್ರಮವು ಹಿಂದಿಗಿಂತ ಹೆಚ್ಚು ಅಗತ್ಯ; ಏಕೆಂದರೆ ದೂರದಲ್ಲಿ ಕುಳಿತು ಗುಂಡಿಯೊತ್ತುವವನಿಗೆ ಕಂಬದ ಮೇಲಿರುವವನು ಕಾಣುವುದಿಲ್ಲ.

2015ರ ಡಿಸೆಂಬರಿನಲ್ಲಿ ಉಕ್ರೇನ್ ದೇಶದಲ್ಲಿ ದುಷ್ಕರ್ಮಿಗಳು ಗಣಕಜಾಲದೊಳಗೆ ನುಸುಳಿ ಹಲವಾರು ಉಪಕೇಂದ್ರಗಳ ಬ್ರೇಕರುಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರು ಕತ್ತಲೆಗೆ ಬಿದ್ದರು. ಆಗ ನೌಕರರು ಖುದ್ದಾಗಿ ಉಪಕೇಂದ್ರಗಳಿಗೆ ಧಾವಿಸಿ, ಬ್ರೇಕರುಗಳನ್ನು ಕೈಯಿಂದಲೇ ಮುಚ್ಚಿ, ಕೆಲವೇ ಗಂಟೆಗಳಲ್ಲಿ ಬೆಳಕನ್ನು ಮರಳಿಸಿದರು. ಹೊಸ ಯಂತ್ರವು ಕೈಕೊಟ್ಟಾಗ ಹಳೆಯ ಕೈಗಾರಿಕೆಯೇ ಕಾಪಾಡಿತು. ಯಂತ್ರವನ್ನು ಬದಲಾಯಿಸುವಾಗ ಅದನ್ನು ಬಲ್ಲ ಕೈಯನ್ನೂ ಪಳಗಿಸಬೇಕೆಂಬ ಪಾಠವು ಇದರಲ್ಲಿದೆ.

ಉಪಕೇಂದ್ರದ ಆಧುನೀಕರಣವೆಂದರೆ ತುಕ್ಕು ಹಿಡಿದ ಪೆಟ್ಟಿಗೆಯನ್ನು ತೆಗೆದು ಹೊಳೆಯುವ ಪೆಟ್ಟಿಗೆಯನ್ನು ನಿಲ್ಲಿಸುವುದಲ್ಲ. ದೋಷವು ಸಂಭವಿಸಿದುದಕ್ಕೂ ಅದು ತಿಳಿಯುವುದಕ್ಕೂ ನಡುವಿನ ಸಮಯವನ್ನು ಕಿರಿದುಗೊಳಿಸುವುದು ಅದರ ತಿರುಳು. ಹಾಗೆ ಉಳಿದ ಸಮಯವು ಯಾರಿಗೆ ಸಲ್ಲುತ್ತದೆ ಎಂಬುದೇ ಅದರ ಒರೆಗಲ್ಲು. ಫೀಡರಿನ ಕೊನೆಯ ಮನೆಯಲ್ಲಿ ಮೊದಲ ಮನೆಯಷ್ಟೇ ಬೆಳಕು ಇದ್ದರೆ, ಶುಂಠಿಯ ಹೊಲಕ್ಕೆ ಹೇಳಿದ ಹೊತ್ತಿಗೆ ನೀರು ಹರಿದರೆ, ಮಳೆಯ ರಾತ್ರಿಯಲ್ಲಿ ಕಂಬವನ್ನೇರಿದವನು ಕ್ಷೇಮವಾಗಿ ಮನೆಗೆ ಮರಳಿದರೆ, ಹೊಸ ಸಾಧನಗಳಿಗಾಗಿ ಮಾಡಿದ ವೆಚ್ಚವು ಸಾರ್ಥಕವೆಂದು ಹೇಳಬಹುದು.