ಚದುರಂಗದ ಮಣೆಯೂ ಪಿಯಾನೋದ ಸ್ವರಪಟ್ಟಿಯೂ

ಇಂಗ್ಲಿಷರಿಗೆ ವಾದ್ಯಕ್ಕೂ ಆಟಕ್ಕೂ ಒಂದೇ ಕ್ರಿಯಾಪದ ಸಾಕು. ಕನ್ನಡದ ರೀತಿ ಬೇರೆ. ಪಿಯಾನೋವನ್ನು ನಾವು ‘ನುಡಿಸುತ್ತೇವೆ’, ಚದುರಂಗವನ್ನು ‘ಆಡುತ್ತೇವೆ’. ನುಡಿಸುವುದೆಂದರೆ ಮಾತನಾಡುವಂತೆ ಮಾಡುವುದು. ‘ಆಡು’ ಎಂಬ ಧಾತುವಿಗೆ ಕ್ರೀಡಿಸು ಎಂಬ ಅರ್ಥವಿರುವಂತೆ ನುಡಿ ಎಂಬ ಅರ್ಥವೂ ಉಂಟು. ‘ಆಡಿದ ಮಾತು’ ಎನ್ನುವಾಗ ಇರುವುದು ಅದೇ. ಹೀಗೆ ಬೇರೆ ಬೇರೆ ದಾರಿಯಿಂದ ಹೊರಟ ಎರಡು ಪದಗಳೂ ಮಾತಿನ ಬಾಗಿಲಿಗೇ ಬಂದು ನಿಲ್ಲುತ್ತವೆ. ಈ ಎರಡು ವಿದ್ಯೆಗಳ ಸಂಬಂಧವೂ ಹೆಚ್ಚುಕಡಿಮೆ ಇಂಥದೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದವನು ಒಬ್ಬ ವಿದ್ಯಾರ್ಥಿ. ಸಾಯಂಕಾಲದ ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದ ಹುಡುಗ. ಒಂದು ದಿನ ವ್ಯಾಕರಣದ ಪಾಠ ನಡೆದಿರುವಾಗ ಅವನು ನೋಟುಬುಕ್ಕಿನ ಕಡೆಯ ಪುಟದಲ್ಲಿ ಅರವತ್ತನಾಲ್ಕು ಮನೆಗಳನ್ನು ಗೆರೆಯೆಳೆದು, ಒಂದೊಂದರಲ್ಲಿ ಅಂಕಿ ತುಂಬುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಸಿಟ್ಟಿನಿಂದ ಆ ಹಾಳೆಯನ್ನು ಹರಿದುಹಾಕಿದೆ. ಹುಡುಗ ತಲೆ ತಗ್ಗಿಸಿಕೊಂಡೇ, “ಇದು ಆಟ ಅಲ್ರೀ ಗುರುಗಳ. ಕುದುರೀನ ಎಲ್ಲಾ ಮನಿಗೂ ಒಂದೊಂದು ಸಲ ಮುಟ್ಟಿಸಾಕ ನೋಡಾಕತ್ತೀನ್ರಿ” ಎಂದ.

ಅಂದು ರಾತ್ರಿ ನನಗೆ ಸಮಾಧಾನವಿರಲಿಲ್ಲ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನೋದುವಾಗ ನಾನೇ ಬಾಯಿಪಾಠ ಮಾಡಿದ್ದ ‘ತುರಗಪದಬಂಧ’ವು ನೆನಪಾಯಿತು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಈ ಚಿತ್ರಕವಿತ್ವಕ್ಕೆ ಉದಾಹರಣೆಯಿದೆ. ಅನುಷ್ಟುಪ್ ಶ್ಲೋಕಕ್ಕೆ ಪಾದವೊಂದಕ್ಕೆ ಎಂಟರಂತೆ ಮೂವತ್ತೆರಡು ಅಕ್ಷರಗಳು. ಚದುರಂಗದ ಅರ್ಧ ಮಣೆಗೆ ಮೂವತ್ತೆರಡು ಮನೆಗಳು. ಮನೆಗೊಂದು ಅಕ್ಷರವನ್ನಿಟ್ಟು ಕುದುರೆಯ ನಡೆಯಲ್ಲಿ ಓದುತ್ತ ಹೋದರೂ ಅದೇ ಶ್ಲೋಕ ಬರಬೇಕು. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಹಾಗೆ ಓದಿದಾಗ ಇನ್ನೊಂದು ಶ್ಲೋಕವೇ ಹುಟ್ಟುತ್ತದೆ. ಕಿವಿಗೆ ಇಂಪಾಗಬೇಕಾದ ನುಡಿ, ಮಣೆಯ ಮೇಲಿನ ನಡೆ, ಎರಡೂ ಇಲ್ಲಿ ಒಂದೇ ಕಟ್ಟಿಗೆ ಒಳಪಟ್ಟಿವೆ. ಪುಸ್ತಕದಲ್ಲಿ ನಾನು ಕೊಂಡಾಡಿದ ವಿದ್ಯೆಯನ್ನೇ ಹುಡುಗನ ಕೈಯಲ್ಲಿ ಸೋಮಾರಿತನವೆಂದು ಹರಿದಿದ್ದೆ! ಮರುದಿನ ಅವನನ್ನು ಕರೆದು ತಪ್ಪೊಪ್ಪಿಕೊಂಡೆ. ಆಗ ಅವನು ಕೇಳಿದ: “ಪೇಟಿ, ಪಿಯಾನೋ ಕಲಿತಾವಗ ಚದುರಂಗ ಲಗೂ ಬರ್ತೈತೇನ್ರಿ?” ಅಂದು ನಾನು ಉತ್ತರ ಕೊಡಲಿಲ್ಲ.

ಮೊದಲು ಮೇಲುನೋಟದ ಸಾದೃಶ್ಯವನ್ನು ಬದಿಗಿಡೋಣ. ಪಿಯಾನೋದ 88 ಪಟ್ಟಿಗಳಲ್ಲಿ 52 ಬಿಳಿ, 36 ಕರಿ. ನಮ್ಮ ಪೇಟಿಯ ಪಟ್ಟಿಗಳೂ ಅದೇ ಕ್ರಮದವು. ಚದುರಂಗದ ಮಣೆಯಲ್ಲಿಯೂ ಕರಿ ಬಿಳಿ ಮನೆಗಳಿವೆ. ಆದರೆ ನಮ್ಮ ಹಿರಿಯರು ಆಡುತ್ತಿದ್ದ ಅಷ್ಟಾಪದದ ಮಣೆಗೆ ಈ ಎರಡು ಬಣ್ಣಗಳಿರಲಿಲ್ಲ, ಗೆರೆಗಳಷ್ಟೇ ಇದ್ದವು. ಆದುದರಿಂದ ಸಂಬಂಧವನ್ನು ಬಣ್ಣದಲ್ಲಲ್ಲ, ಒಳಗಿನ ಲೆಕ್ಕದಲ್ಲಿ ಹುಡುಕಬೇಕು.

ಆ ಲೆಕ್ಕವು ನಮ್ಮ ನೆಲಕ್ಕೆ ಹೊಸದಲ್ಲ. ಮನಗೂಳಿಯ ಸೀಮೆಯನ್ನು ಕಲ್ಯಾಣದ ಚಾಲುಕ್ಯರೂ ಅವರ ತರುವಾಯ ಕಳಚುರಿಗಳೂ ಸೇವುಣರೂ ಆಳಿದರು. ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿನೋದವೂ ಇದೆ, ಚದುರಂಗದ ಕ್ರೀಡೆಯೂ ಇದೆ. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸ್ವರಪ್ರಸ್ತಾರವನ್ನು ವಿವರಿಸಿದ್ದಾನೆ. ಸಪ್ತಸ್ವರಗಳನ್ನು ಪುನರುಕ್ತಿಯಿಲ್ಲದೆ ಜೋಡಿಸುವ ಬಗೆಗಳು 5,040. ಇಂತಿಷ್ಟನೆಯ ಜೋಡಣೆ ಯಾವುದೆಂದು ಕಂಡುಹಿಡಿಯಲು ಅವನು ಹೇಳುವ ‘ಖಂಡಮೇರು’ ಎಂಬ ಸಾಧನವು ಮನೆಮನೆಯಾಗಿ ಗೆರೆಯೆಳೆದ ಒಂದು ಕೋಷ್ಟಕ. ಸಂಗೀತಶಾಸ್ತ್ರಕಾರನೂ ತನ್ನ ಸ್ವರಗಳನ್ನು ಎಣಿಸಲು ಮಣೆಯಂಥದೊಂದನ್ನು ಹಾಸಿಕೊಂಡನೆಂಬುದು ಗಮನಾರ್ಹ.

ಮೈಸೂರಿನ ಅರಮನೆಯಲ್ಲಿ ಈ ಎರಡು ವಿದ್ಯೆಗಳೂ ಒಂದೇ ಮನೆತನದ ಇಬ್ಬರಲ್ಲಿ ಬೆಳಗಿದವು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ (1794–1868) ಬ್ರಿಟಿಷರು 1831 ರಲ್ಲಿ ಆಡಳಿತವನ್ನು ಕಸಿದುಕೊಂಡರು. ರಾಜ್ಯವಿಲ್ಲದ ರಾಜರು ಸಾಹಿತ್ಯ, ಸಂಗೀತ, ಕ್ರೀಡೆಗಳಲ್ಲಿ ಮನಸ್ಸಿಟ್ಟರು. ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಮ್ಮೊಮ್ಮೆ ಮುಟ್ಟುವಾಗ ಮನೆಗಳಿಗೆ ಬೀಳುವ ಕ್ರಮಾಂಕಗಳ ಮೊತ್ತವು ಪ್ರತಿಯೊಂದು ಅಡ್ಡಸಾಲಿನಲ್ಲಿಯೂ ಉದ್ದಸಾಲಿನಲ್ಲಿಯೂ 260 ಆಗುವಂತೆ ಹೊಂದಿಸಿದ ನಡೆ ಅವರ ಹೆಸರಿನಲ್ಲಿದೆ. ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳ ಮೊತ್ತ 2,080. ಅದರ ಎಂಟನೆಯ ಒಂದು ಪಾಲು 260. ಸಾಲಿಗೆ ಹನ್ನೆರಡು ಮನೆಗಳಿರುವ ಮಣೆಯ ಮೇಲೂ ಅವರು ಇಂಥ ನಡೆಯನ್ನು ಸಾಧಿಸಿದರು. ವಿದ್ಯಾರ್ಥಿಗಳು ಸ್ಲೇಟಿನ ಮೇಲೆ ಪ್ರಯತ್ನಿಸಿ ನೋಡಿದರೆ ಇದರ ಕಷ್ಟ ತಿಳಿದೀತು. ಮುಮ್ಮಡಿಯವರ ಮರಿಮಗ ಜಯಚಾಮರಾಜ ಒಡೆಯರು (1919–1974) ಪಿಯಾನೋವಾದನದಲ್ಲಿ ಪರಿಣತರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಪಡೆದವರು. ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ.

ಎರಡೂ ಒಬ್ಬನಲ್ಲಿಯೇ ನೆಲೆಸಿದ ನಿದರ್ಶನ ಬೇಕಾದರೆ ಹೊರದೇಶಗಳನ್ನು ನೋಡಬೇಕು. ಫ್ರಾನ್ಸಿನ ಫಿಲಿದೋರ್ (1726–1795) ಸಂಗೀತನಾಟಕಗಳ ರಚನೆಗೆ ಹೆಸರಾದವನು; ತನ್ನ ಕಾಲದ ಅಗ್ರಗಣ್ಯ ಚದುರಂಗ ಪಟುವೂ ಹೌದು. ಅವನ ಚದುರಂಗಗ್ರಂಥವು 1749 ರಲ್ಲಿ ಪ್ರಕಟವಾಯಿತು. ಮಣೆಯನ್ನು ನೋಡದೆಯೇ ಏಕಕಾಲಕ್ಕೆ ಮೂವರೊಡನೆ ಆಡಿ ಲಂಡನ್ನಿನ ಜನರನ್ನು ಬೆರಗುಗೊಳಿಸಿದ. ರಷ್ಯದ ಮಾರ್ಕ್ ತೈಮಾನೋವ್ (1926–2016) ಚದುರಂಗದ ಗ್ರ್ಯಾಂಡ್‌ಮಾಸ್ಟರ್ ಆಗಿದ್ದುದಲ್ಲದೆ ಪತ್ನಿಯೊಡನೆ ಜೋಡಿ ಪಿಯಾನೋ ನುಡಿಸಿ ಪ್ರಖ್ಯಾತನಾದ. 1971 ರಲ್ಲಿ ಅಮೆರಿಕದ ಫಿಷರನೆದುರು ಆರಕ್ಕೆ ಆರು ಆಟಗಳನ್ನೂ ಸೋತು ತನ್ನ ಸರ್ಕಾರದ ಅವಕೃಪೆಗೆ ಗುರಿಯಾದ. ಆದರೂ ಎರಡು ವಿದ್ಯೆಗಳನ್ನೂ ಬಿಡದೆ ಬಾಳಿದ.

ಇಂಥವರ ಮನಸ್ಸು ಹೇಗೆ ಕೆಲಸಮಾಡುತ್ತದೆ? ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು 1973 ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನುರಿತ ಆಟಗಾರನು ಬಹುಪಾಲು ಕಾಯಿಗಳನ್ನು ಮರಳಿ ಇಡಬಲ್ಲ. ಹೊಸಬನಿಗೆ ನಾಲ್ಕಾರು ಕಾಯಿಗಳಷ್ಟೇ ನೆನಪು. ಆದರೆ ಕಾಯಿಗಳನ್ನು ಗೊತ್ತುಗುರಿಯಿಲ್ಲದೆ ಚೆಲ್ಲಿದ್ದರೆ ಇಬ್ಬರೂ ಹೆಚ್ಚುಕಡಿಮೆ ಸಮಾನರು. ನುರಿತವನು ಬಿಡಿ ಕಾಯಿಗಳನ್ನಲ್ಲ, ಗುಂಪುಗಳ ಅರ್ಥವನ್ನು ಕಾಣುತ್ತಾನೆ. ಸಂಗೀತಗಾರನೂ ಹಾಗೆಯೇ, ಅವನಿಗೆ ‘ಗ, ಮ, ಪ’ ಎಂಬ ಬಿಡಿ ಸ್ವರಗಳಲ್ಲ, ರಾಗದ ಸಂಚಾರವೇ ಒಂದು ಪದವಾಗಿ ಕೇಳಿಸುತ್ತದೆ. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಗದಗಿನ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ, ಸಾರಂಗಿ, ತಬಲಾಗಳನ್ನು ನುಡಿಸುತ್ತಿದ್ದುದು ಕಣ್ಣಿನ ಬಲದಿಂದಲ್ಲ. ಫಿಲಿದೋರನ ಒಳಗೆ ಮಣೆಯಿದ್ದಂತೆ ಅವರ ಒಳಗೆ ಸ್ವರಗಳು ನೆಲೆಸಿದ್ದವು. ಓದು ಬಲ್ಲವನು ಅಕ್ಷರಗಳನ್ನು ಕೂಡಿಸದೆ ಪದವನ್ನೇ ಗ್ರಹಿಸುವುದೂ ಇದೇ ಬಗೆ. ‘ಆಡು’, ‘ನುಡಿಸು’ ಎರಡೂ ಮಾತಿನ ಬಾಗಿಲಿಗೆ ಬರುತ್ತವೆಯೆಂದು ಮೊದಲು ಹೇಳಿದ್ದು ಇದಕ್ಕಾಗಿಯೇ.

ಆದರೆ ಭೇದವನ್ನು ಮರೆಮಾಚಬಾರದು. ಚದುರಂಗದಲ್ಲಿ ಎದುರಾಳಿಯಿದ್ದಾನೆ, ಅವನ ಮನಸ್ಸನ್ನು ಊಹಿಸಬೇಕು. ವಾದನದಲ್ಲಿ ಸೋಲಿಸಬೇಕಾದವನಿಲ್ಲ, ಕೇಳುವವನ ಹೃದಯಕ್ಕೆ ಮುಟ್ಟಿಸಬೇಕು. ಚದುರಂಗದ ಆಟಗಾರನು ನಡೆಗೆ ಮುನ್ನ ತಡೆದು ಯೋಚಿಸಬಹುದು. ವಾದಕನನ್ನು ತಾಳವು ಕಾಯುವುದಿಲ್ಲ. ಒಂದನ್ನು ಕಲಿತರೆ ಇನ್ನೊಂದು ತಾನಾಗಿ ಬರುತ್ತದೆ, ಗಣಿತದ ಅಂಕಗಳೂ ಏರುತ್ತವೆ ಎಂದು ಕೆಲವರು ಪ್ರಚಾರ ಮಾಡುವುದುಂಟು. ಜೊವಾನ್ನಿ ಸಾಲಾ, ಫೆರ್ನಾಂಡ್ ಗೊಬೆ ಎಂಬ ಸಂಶೋಧಕರು ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, 2017 ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಪ್ರಯೋಗವು ಬಿಗಿಯಾದಷ್ಟೂ ಈ ಲಾಭವು ಕರಗುತ್ತದೆಂಬುದೇ ಅದರ ಸಾರ. ಕುದುರೆಯ ಜಾಡು ತಿಳಿದವನಿಗೆ ರಾಗದ ಜಾಡು ಪುಕ್ಕಟೆಯಾಗಿ ಸಿಗದು.

ಆದುದರಿಂದ ಆ ಹುಡುಗನಿಗೆ ನನ್ನ ಉತ್ತರವಿಷ್ಟು: ಪೇಟಿ ಬಲ್ಲವನಿಗೆ ಚದುರಂಗ ಲಗೂ ಬರುವುದಿಲ್ಲ, ತಮ್ಮಾ. ಆದರೆ ಕಲಿಯುವ ಬಗೆ ಅವನಿಗೆ ಗೊತ್ತಿರುತ್ತದೆ. ತಪ್ಪಿದಲ್ಲಿಗೆ ಮರಳಿ ಬರುವುದು, ಕೈಗೆ ಮುನ್ನ ಮನಸ್ಸನ್ನು ನಡೆಸುವುದು, ನೂರು ಸಲ ಸಾಧನೆ ಮಾಡಿಯೂ ಬೇಸರಪಡದಿರುವುದು: ಇವನ್ನು ಒಂದೆಡೆ ಕಂಡವನು ಇನ್ನೊಂದೆಡೆ ಗುರುತಿಸಬಲ್ಲ. ಪಾಲಕರಲ್ಲಿಯೂ ನನ್ನ ಸಹೋದ್ಯೋಗಿಗಳಲ್ಲಿಯೂ ಒಂದು ವಿನಂತಿ. ಪರೀಕ್ಷೆಯ ಅಂಕಗಳಿಗಾಗಿ ಮಕ್ಕಳಿಗೆ ಪೇಟಿಯನ್ನೂ ಮಣೆಯನ್ನೂ ಕೊಡುವುದು ಬೇಡ. ಅಂಕಗಳಿಗಾಗಿ ಅವನ್ನು ಕಸಿದುಕೊಳ್ಳುವುದೂ ಬೇಡ. ಅವು ತಮ್ಮಷ್ಟಕ್ಕೆ ತಾವೇ ವಿದ್ಯೆಗಳು. ಪುಟದ ಅಂಚಿನಲ್ಲಿ ಮಗು ಬರೆದ ಗೆರೆಗಳನ್ನು ಹರಿಯುವ ಮುನ್ನ ಅದು ಏನೆಂದು ಒಮ್ಮೆ ಕೇಳೋಣ. ನಾನು ಅಂದು ಕೇಳಲಿಲ್ಲ.