ಚಪ್ಪಟೆ ಭೂಮಿಯು ಗೋಳವಾದ ಕಥೆ

ಭೂಮಿಯು ಗುಂಡಾಗಿರುವುದೆಂದು ಭೂಗೋಳಪಾಠದ ಆರಂಭದಲ್ಲಿಯೇ ನಾವೆಲ್ಲರೂ ಕಲಿತಿರುವೆವಷ್ಟೆ. ಹೀಗಿರಲು, ಭೂಮಿಯು ಮೊದಲು ಚಪ್ಪಟೆಯಾಗಿದ್ದು, ಮನುಷ್ಯರ ಅಪರಾಧದ ನಿಮಿತ್ತ ಒಂದು ದಿನ ಗುಂಡಾಯಿತೆಂದು ಹೇಳುವ ಗ್ರಂಥವೊಂದುಂಟೆಂದರೆ ವಾಚಕಿಯರು ನಕ್ಕಾರು. ನಗುವುದಕ್ಕೆ ಮುಂಚೆ ಆ ಲೋಕದ ರಚನೆಯನ್ನು ತುಸು ವಿಚಾರಿಸಿ ನೋಡೋಣ.

ಆಕ್ಸ್‌ಫರ್ಡಿನಲ್ಲಿ ಆಂಗ್ಲಭಾಷಾ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ (1892–1973) ಎಂಬವರು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯನ್ನು 1954–55ರಲ್ಲಿ ಪ್ರಕಟಿಸಿದರು. ಅದಕ್ಕೆ ತಳಹದಿಯಾದ ಲೋಕೋತ್ಪತ್ತಿಯ ವೃತ್ತಾಂತವನ್ನಾದರೋ ಅವರು ಯೌವನದಿಂದ ಮುಪ್ಪಿನವರೆಗೂ ತಿದ್ದುತ್ತಲೇ ಇದ್ದು, ಮುಗಿಸದೆ ತೀರಿಕೊಂಡರು. ಅವರ ಮಗನಾದ ಕ್ರಿಸ್ಟೊಫರರು ಹಸ್ತಪ್ರತಿಗಳನ್ನು ಹೊಂದಿಸಿ 1977ರಲ್ಲಿ ‘ದಿ ಸಿಲ್ಮರಿಲಿಯನ್’ ಎಂಬ ಹೆಸರಿನಿಂದ ಅಚ್ಚುಹಾಕಿಸಿದರು.

ಆ ಲೋಕವು ಗಾನದಿಂದ ಹುಟ್ಟಿದುದು. ಇಲೂವತಾರನೆಂಬ ಏಕಸೃಷ್ಟಿಕರ್ತನು ಐನೂರ್ ಎಂಬ ಆತ್ಮಜೀವಿಗಳಿಗೆ ಒಂದು ರಾಗವನ್ನು ತಿಳಿಸಿ, ಎಲ್ಲರೂ ಕೂಡಿ ಹಾಡಬೇಕೆಂದು ಅಪ್ಪಣೆಮಾಡಿದನು. ಅವರೊಳಗೆ ಬಲಿಷ್ಠನಾದ ಮೆಲ್ಕೋರನು ತನ್ನ ಹೆಚ್ಚಳವನ್ನು ಬಯಸಿ ಅಪಸ್ವರವೆತ್ತಿದನು. ಸೃಷ್ಟಿಕರ್ತನು ಅವನ ಬಾಯನ್ನು ಮುಚ್ಚಿಸಲಿಲ್ಲ. ಹೊಸ ರಾಗವನ್ನೆಬ್ಬಿಸಿ ಆ ಅಪಸ್ವರವನ್ನೂ ಅದರೊಳಗೆ ಹೆಣೆದುಬಿಟ್ಟನು. ತರುವಾಯ ಆತನ ಆಜ್ಞೆಯಿಂದ ಹಾಡೇ ಲೋಕವಾಯಿತು. ನೀರನ್ನು ಕೆಡಿಸಲು ಮೆಲ್ಕೋರನು ಕಲ್ಪಿಸಿದ ಕಡುಶೀತದಿಂದ ಹಿಮದ ಹರಳುಗಳೂ, ಅವನ ಉರಿಯಿಂದ ಮೇಘವೂ ಮಳೆಯೂ ಉಂಟಾದುವಂತೆ. ಕೇಡನ್ನು ಕುರಿತು ಇಷ್ಟು ಸೊಗಸಾಗಿ ಹೇಳಿದ ಕಟ್ಟುಕಥೆಯನ್ನು ನಾನು ಬೇರೆ ಕಂಡಿಲ್ಲ.

ಆದಿಯಲ್ಲಿ ಆ ಚಪ್ಪಟೆಲೋಕಕ್ಕೆ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ. ಎರಡು ಮಹಾದೀಪಗಳಿದ್ದುವು, ಅವುಗಳನ್ನು ಮೆಲ್ಕೋರನು ಕೆಡವಿದನು. ಬಳಿಕ ಲೋಕಪಾಲಕರಾದ ವಾಲಾರರು ಪಶ್ಚಿಮದ ತಮ್ಮ ನಾಡಿನಲ್ಲಿ ಎರಡು ವೃಕ್ಷಗಳನ್ನು ಬೆಳೆಯಿಸಿದರು. ಒಂದು ಬೆಳ್ಳಿಯ ಬೆಳಕಿನದು, ಇನ್ನೊಂದು ಹೊನ್ನಿನ ಬೆಳಕಿನದು. ಒಂದೊಂದೂ ಏಳು ಗಂಟೆಗಳೊಳಗೆ ತುಂಬಿ ಬೆಳಗಿ ಮತ್ತೆ ಆರುವುದು. ಒಂದು ಆರುವುದಕ್ಕೆ ಒಂದು ಗಂಟೆ ಮುಂಚೆಯೇ ಮತ್ತೊಂದು ಎಚ್ಚರಗೊಳ್ಳುವುದು. ಆದಕಾರಣ ದಿನಕ್ಕೆರಡು ಸಾರಿ ಎರಡು ಬೆಳಕುಗಳೂ ಕಲೆತು ಮೃದುವಾದ ಹೊತ್ತೊಂದು ಬರುತ್ತಿತ್ತು. ಈ ವೃಕ್ಷಗಳನ್ನೂ ಮೆಲ್ಕೋರನು ಕೊಂದನು. ಬೆಳ್ಳಿಮರದ ಕಡೆಯ ಹೂವು ಚಂದ್ರನಾಯಿತು, ಹೊನ್ನಮರದ ಕಡೆಯ ಹಣ್ಣು ಸೂರ್ಯನಾಯಿತು. ನಾವು ಕಾಣುವ ಹಗಲು ಅಳಿದ ಬೆಳಕೊಂದರ ಶೇಷವೆಂಬುದೇ ಇದರ ಅಭಿಪ್ರಾಯ.

ಇನ್ನು ಭೂಮಿಯು ಗುಂಡಾದ ಸಂಗತಿ. ಆ ಲೋಕದಲ್ಲಿ ಎಲ್ಫರೆಂಬ ಜನರು ಲೋಕವಿರುವಷ್ಟು ಕಾಲವೂ ಅದಕ್ಕೆ ಕಟ್ಟುಬಿದ್ದವರು. ಮನುಷ್ಯರಾದರೋ ಸತ್ತು ಲೋಕವನ್ನು ದಾಟಿಹೋಗತಕ್ಕವರು. ಮರಣವು ಮನುಷ್ಯರಿಗೆ ಸೃಷ್ಟಿಕರ್ತನ ವರವಾಗಿತ್ತು. ಅವರು ಅದನ್ನು ಶಾಪವೆಂದೆಣಿಸಿದರು. ನೂಮೆನೋರ್ ಎಂಬ ದ್ವೀಪದ ಅರಸನು ದುರ್ಬೋಧಕನೊಬ್ಬನ ಮಾತನ್ನು ನಂಬಿ, ಅಮರತ್ವವನ್ನು ಬಲಾತ್ಕಾರದಿಂದ ಕಸಿದುಕೊಳ್ಳುವೆನೆಂದು ಪಶ್ಚಿಮದ ನಿಷಿದ್ಧ ನಾಡಿಗೆ ಹಡಗುಗಳನ್ನು ನಡೆಸಿದನು. ಸಮುದ್ರವು ಬಾಯ್ದೆರೆದು ಹಡಗುಗಳನ್ನೂ ದ್ವೀಪವನ್ನೂ ನುಂಗಿತು. ಆ ಪಶ್ಚಿಮದ ನಾಡು ಲೋಕದಿಂದಲೇ ತೆಗೆದಿಡಲ್ಪಟ್ಟಿತು. ಭೂಮಿಯು ಬಾಗಿ ಗೋಳವಾಯಿತು. ಅಂದಿನಿಂದ ಪಡುವಣಕ್ಕೆ ಎಷ್ಟು ದೂರ ಹೋದರೂ ನಾವಿಕನು ಹೊರಟ ಸ್ಥಳಕ್ಕೇ ಬರುವನು. ಎಲ್ಫರ ಹಡಗುಗಳಿಗೆ ಮಾತ್ರ ಹಿಂದಿನ ನೆಟ್ಟನೆಯ ದಾರಿಯು ಉಳಿಯಿತು.

ವಿನೋದವೇನೆಂದರೆ, ಟೋಲ್ಕಿನ್ನರಿಗೇ ಕೊನೆಗಾಲದಲ್ಲಿ ಇದರ ವಿಷಯವಾಗಿ ಸಂದೇಹ ಹುಟ್ಟಿತು. ವಾಲಾರರಿಂದಲೇ ಕಲಿತ ಎಲ್ಫರು ಭೂಮಿಯು ಚಪ್ಪಟೆಯೆಂದು ಹೇಗೆ ನಂಬಿಯಾರು? ಶಾಸ್ತ್ರಜ್ಞಾನವುಳ್ಳ ಈ ಕಾಲದ ವಾಚಕರು ಹಣ್ಣಿನಿಂದಾದ ಸೂರ್ಯನನ್ನು ಒಪ್ಪಿಯಾರೇ? ಭೂಮಿಯು ಮೊದಲಿನಿಂದಲೂ ಗೋಳವೇ, ಸೂರ್ಯನು ಮೊದಲಿನಿಂದಲೂ ಇದ್ದವನೇ ಎಂದು ಎಲ್ಲವನ್ನೂ ಬದಲಿಸಲು ಅವರು ಟಿಪ್ಪಣಿಗಳನ್ನು ಬರೆದುಕೊಂಡರು. ಅವು 1993ರಲ್ಲಿ ಮುದ್ರಿತವಾದುವು. ಮಗನು ಅಚ್ಚುಹಾಕಿಸಿದ ಗ್ರಂಥದಲ್ಲಿ ಮಾತ್ರ ಚಪ್ಪಟೆ ಭೂಮಿಯೇ ನಿಂತಿತು.

ಇದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ತಂದೆಯ ಸಂದೇಹವು ಪ್ರಾಮಾಣಿಕವಾದುದು, ಅದನ್ನು ಹಳಿಯಲಾರೆ. ಆದರೆ ಭೂಮಿಯು ಎಂದೆಂದೂ ಗೋಳವೇ ಆಗಿದ್ದರೆ ಕಳೆದುಹೋದ ದಾರಿಯೆಂಬುದು ಎಲ್ಲಿ? ಮಹಾಕಥೆಯ ಕೊನೆಯಲ್ಲಿ, ಗಾಯವು ಮಾಯದ ಫ್ರೋಡೋ ಎಂಬ ಚಿಕ್ಕವನು ಬಿಳಿಯ ಹಡಗನ್ನೇರಿ ಆ ದಾರಿಯಿಂದಲೇ ಪಡುವಣಕ್ಕೆ ಹೋಗುವನು. ಅವನ ಸೇವಕನೂ ಸ್ನೇಹಿತನೂ ಆದ ಸ್ಯಾಮನು ಕತ್ತಲಾಗುವವರೆಗೂ ದಡದಲ್ಲಿ ನಿಂತು ತೆರೆಗಳ ಸಪ್ಪಳವನ್ನು ಕೇಳಿ, ಮಾತಿಲ್ಲದೆ ಮನೆಗೆ ತಿರುಗುವನು.